ರಾಜಾಸಾಬರು ತುಂಬಿದ ಎಂಟು ಕಾಡತೂಸು

ಕುಕನೂರಿನ ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ರಾಜಾಸಾಬರ ಅಂಗಡಿ. ಅಲ್ಲಿ ಗಿರಾಕಿಗೆ ಬೇಕಾದದ್ದು ಸಿಗುವುದಿಲ್ಲ. ರಾಜಾಸಾಬರಿಗೆ ಏನು ಕೊಡಬೇಕು ಅನ್ನಿಸುತ್ತದೋ ಅದು ಸಿಗುತ್ತದೆ. ಹೊಲಿಗೆ ಯಂತ್ರ, ಔಷಧ ಹೊಡೆಯುವ ಪಂಪು, ತಕ್ಕಡಿ, ಇವೆಲ್ಲ ಹೊಟ್ಟೆಪಾಡಿನ ರಿಪೇರಿ. ಅಸಲು ಕಸುಬು ಬಂದೂಕಿನದು. ಬೆಳೆ ಕಾಯಲು ಲೈಸೆನ್ಸ್ ಪಡೆದ ರೈತರು ಯಲಬುರ್ಗಾ, ಕುಷ್ಟಗಿ, ಗಂಗಾವತಿ ಕಡೆಯಿಂದಲೂ ಬಂದೂಕು ಹೊತ್ತು ಇವರಲ್ಲಿಗೇ ಬರುತ್ತಾರೆ. ಹೊಡೆದು ಖಾಲಿಯಾದ ಕಾಡತೂಸಿಗೆ ಹೊಸ ಮದ್ದು, ಹೊಸ ಗುಂಡು ತುಂಬುವುದರಲ್ಲಿ ಇವರನ್ನು ಮೀರಿಸುವವರು ಈ ಸೀಮೆಯಲ್ಲಿ ಇಲ್ಲ.

ನಾನು ಹೇಮಪ್ಪ, ಪಶು ಆಸ್ಪತ್ರೆಯಲ್ಲಿ ಪರೀಕ್ಷಕ. ಡಾಕ್ಟರ್ ಅಲ್ಲ, ಆದರೆ ಕುರಿಗೆ ಸೂಜಿ ಚುಚ್ಚುವವರೆಲ್ಲ ಇಲ್ಲಿ ಡಾಕ್ಟರೇ. ಮೂವತ್ತು ವರ್ಷದಿಂದ ಮಧ್ಯಾಹ್ನದ ಚಹಾ ರಾಜಾಸಾಬರ ಅಂಗಡಿಯಲ್ಲೇ ಕುಡಿದಿದ್ದೇನೆ. ಅವರ ಗುಟ್ಟು ಗೊತ್ತಿದ್ದವನು ನಾನೊಬ್ಬನೇ. ಗೊತ್ತಿದ್ದೂ ಸುಮ್ಮನಿದ್ದೆ, ಸುಮ್ಮನಿದ್ದುದಷ್ಟೇ ಅಲ್ಲ, ನಕ್ಕಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾಡತೂಸು ಕೇಳಿ ಬಂದವರಿಗೆ ರಾಜಾಸಾಬರು ಮೂರು ಪ್ರಶ್ನೆ ಹಾಕುತ್ತಿದ್ದರು. ಯಾವ ಪ್ರಾಣಿ, ಎಷ್ಟು ದೂರ, ಆಮೇಲೆ ಕನ್ನಡಕ ತೆಗೆದಿಟ್ಟು, ‘ಪ್ರಾಣಿ ಹಿಂದ ಏನಿರ್ತೈತ್ರಿ?’ ಮೊದಲಿನ ಎರಡು ಬರೀ ಮಾತಿಗೆ. ಮೂರನೆಯದಕ್ಕೆ ಗಿರಾಕಿ ತಲೆ ಕೆರೆದುಕೊಂಡು, ‘ಹಿಂದ ಅಂದ್ರ... ಬದುವಿನಾಚೆ ನಮ್ಮ ಕಾಕಾನ ಗುಡಿಸಲು ಬರ್ತೈತಿ, ತಡೀರಿ’ ಎಂದು ಲೆಕ್ಕ ಹಾಕತೊಡಗಿದರೆ ಅವನಿಗೆ ಸೀಸದ ಗುಂಡು ತುಂಬಿದ ಅಸಲಿ ಕಾಡತೂಸು. ‘ಏನೂ ಇಲ್ರಿ, ಬಯಲು’ ಎಂದು ತಟ್ಟನೆ ಹೇಳಿದರೆ ಅವನಿಗೆ ಪುಡಿ. ಗಿಣಿಗೇರಾ ರಸ್ತೆಯಲ್ಲಿ ಅದಿರಿನ ಲಾರಿಗಳಿಂದ ಉದುರಿದ ಕೆಂಪು ಪುಡಿಯನ್ನು ಗುಡಿಸಿ ತಂದು ಡಬ್ಬಿಯಲ್ಲಿ ಇಟ್ಟಿದ್ದರು. ಗುಂಡಿನ ಜಾಗದಲ್ಲಿ ಅದನ್ನು ತುಂಬಿ, ಮೇಲೆ ರಟ್ಟಿನ ಬಿಲ್ಲೆ ಇಟ್ಟು, ಮೇಣ ಬಿಟ್ಟರೆ ಮುಗಿಯಿತು. ಕೈಗೆ ಭಾರ ಇರುತ್ತದೆ, ಹೊಡೆದರೆ ಗುಡ್ಡ ನಡುಗುವ ಸದ್ದು ಬರುತ್ತದೆ. ಆದರೆ ಹತ್ತು ಹೆಜ್ಜೆ ಆಚೆ ಒಂದು ಗುಬ್ಬಿಯೂ ಸಾಯುವುದಿಲ್ಲ.

ನಾನು ಮೊದಲ ಸಲ ನೋಡಿದಾಗ ಅವರು ಮುಚ್ಚಿಡಲಿಲ್ಲ. ‘ಸದ್ದು ಐತಿ, ಹೊಗಿ ಐತಿ, ಹಂದಿ ಓಡಿ ಹೋಗ್ತೈತಿ. ರೈತಗ ಮತ್ತೇನ ಬೇಕ್ರಿ ಡಾಕ್ಟ್ರ?’ ಎಂದರು.

ಅವರು ಹಾಗೆ ಆದದ್ದಕ್ಕೆ ಕಾರಣವಿತ್ತು. ಮೂವತ್ತು ವರ್ಷದ ಹಿಂದೆ ಗಂಗಾವತಿ ಹತ್ತಿರದ ಮರಳಿಯಲ್ಲಿ ಅವರ ಅಕ್ಕ ಗೌಸಬೀಯ ಮನೆ. ಭತ್ತದ ಗದ್ದೆಗೆ ಹಂದಿ ನುಗ್ಗುತ್ತದೆ ಎಂದು ದೊಡ್ಡಪ್ಪನ ಮಗ ವಾಹೀದ ಕಾಡತೂಸು ಕೇಳಿದ. ಇವರು ಹುಮ್ಮಸ್ಸಿನಲ್ಲಿ ಒಂಟಿ ಗುಂಡಿನದು ತುಂಬಿ ಕೊಟ್ಟರು. ಹಂದಿಗೆ ಹೊಡೆದ ಗುಂಡು ಹಂದಿಯಲ್ಲಿ ನಿಲ್ಲಲಿಲ್ಲ. ಎರಡು ಗದ್ದೆ ಆಚೆ ಕೊಯ್ದ ಭತ್ತದ ಸಿವುಡು ಕಟ್ಟುತ್ತಿದ್ದ ಗೌಸಬೀ ಕೂತಲ್ಲೇ ಮುಂದಕ್ಕೆ ಬಾಗಿದಳಂತೆ. ನಮಾಜಿಗೆ ಬಾಗಿದ್ದಾಳೆ ಎಂದು ಜೊತೆಯವರು ಸ್ವಲ್ಪ ಹೊತ್ತು ಮಾತಾಡಿಸಲಿಲ್ಲವಂತೆ. ವಾಹೀದ ಜೈಲಿಗೆ ಹೋದ. ಆ ಕಾಡತೂಸು ತುಂಬಿದವರು ಯಾರು ಎಂದು ಯಾರೂ ಕೇಳಲಿಲ್ಲ. ಕೇಳದೇ ಇದ್ದದ್ದೇ ರಾಜಾಸಾಬರ ಎದೆಯಲ್ಲಿ ಕೂತುಬಿಟ್ಟಿತು.

ಹೋದ ಮಾಘದಲ್ಲಿ ಈ ಅಂಗಡಿಗೆ ವಿರುಪಾಕ್ಷಿಗೌಡ ಬಂದ. ಯಲಬುರ್ಗಾ ದಾರಿಯಲ್ಲಿ ನಲವತ್ತು ಎಕರೆ ಎರೆಭೂಮಿ, ಗುಡ್ಡದ ಬುಡಕ್ಕೇ ಹೊಲ. ಮನುಷ್ಯ ಕೆಟ್ಟವನಲ್ಲ. ಆದರೆ ಮೀಸೆ ಬಂದಾಗಿನಿಂದ ಯಾರಾದರೂ ತನ್ನನ್ನು ನೋಡಬೇಕು ಎಂಬ ಚಟ. ಬಂದವನೇ ಮೊಬೈಲು ತೆರೆದು ನಮ್ಮಿಬ್ಬರ ನಡುವೆ ಹಿಡಿದ. ಟೋಪಿ ಹಾಕಿದ ಅಮೆರಿಕದವನೊಬ್ಬ ಹುಲ್ಲಲ್ಲಿ ಬೋರಲಾಗಿ ಮಲಗಿದ್ದ. ಎದುರಿಗೆ ಎರಡು ಕಾಲಿನ ಮೇಲೆ ನಿಲ್ಲಿಸಿದ ರೈಫಲ್. ಎಲ್ಲೋ ದೂರದ ದಿಬ್ಬದಲ್ಲಿ ನರಿಗಿಂತ ದೊಡ್ಡದು, ತೋಳಕ್ಕಿಂತ ಸಣ್ಣದು ಒಂದು ಪ್ರಾಣಿ ನಿಂತಲ್ಲೇ ಬಿತ್ತು.

‘ಕಾಯೋಟಿ ಅಂತ ಇದರ ಹೆಸರು, ನಮ್ಮ ತ್ವಾಳದ ತಮ್ಮ ಇದ್ದಂಗ’ ಎಂದ ವಿರುಪಾಕ್ಷಿ. ‘ನಾನೂರು ಹೆಜ್ಜಿಯಿಂದ ಕೆಡವ್ಯಾನ ನೋಡ್ರಿ. ಯಾವ ಗುಂಡು ಗಾಳಿಗೆ ಬಾಗೂದಿಲ್ಲ, ಯಾವುದು ತೊಗಲು ಹರಿಯೂದಿಲ್ಲ ಅಂತ ಅರ್ಧ ತಾಸು ಬರೇ ಗುಂಡಿನ ಮ್ಯಾಲ ಭಾಷಣ ಬಿಗದಾನ. ನನಗೂ ಅಂಥಾ ದೂರ ಹೊಡಿಯೋ ಕಾಡತೂಸ ಬೇಕು.’

‘ಗೌಡ್ರ, ಅಂವನ ಇಂಗ್ಲಿಷ್ ನಿಮಗ ತಿಳೀತೇನ್ರಿ?’ ಎಂದು ನಾನು ಕೆಣಕಿದೆ.

‘ನಂಬರ್ ತಿಳೀತಾವಲ್ಲ, ಸಾಕು. ದುರಗಪ್ಪನ ಕುರಿ ನನ್ನ ಹೊಲದಾಗ ತರುಬೇನಿ. ದಿನಾ ಒಂದು ತ್ವಾಳ ಗುಡ್ಡದ ಮ್ಯಾಲ ನಿಂತು ನೋಡ್ತೈತಿ.’

ದುರಗಪ್ಪ ಕುರಿಗಾರ. ಕಡಲೆ ಕಿತ್ತ ಹೊಲಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿ ಕುರಿ ತರುಬಿ ನಿಲ್ಲಿಸುತ್ತಾ, ಹೆಂಡತಿ ಹುಲಗಮ್ಮನ ಜೊತೆ ಹೊಲದಿಂದ ಹೊಲಕ್ಕೆ ಹೋಗುವವನು. ಅವನು ಆ ತೋಳದ ಬಗ್ಗೆ ನನ್ನ ಹತ್ತಿರ ಒಂದು ದಿನವೂ ದೂರು ಹೇಳಿರಲಿಲ್ಲ. ವರ್ಷಕ್ಕೆ ಒಂದೆರಡು ಮರಿ ಅದರ ಪಾಲು ಎಂದು ಬಿಟ್ಟುಕೊಟ್ಟವನು.

ತೋಳ ಹೊಡೆದರೆ ಜೈಲು ಎಂದು ನಾನು ನೆನಪಿಸಿದೆ. ವಿರುಪಾಕ್ಷಿ ಕೈ ಬೀಸಿದ. ರಾಜಾಸಾಬರು ಗಲ್ಲೆಯ ಮೇಲೆ ಮೂರು ಕಾಡತೂಸು ಸಾಲಾಗಿ ನಿಲ್ಲಿಸಿ, ಮಗ್ಗಿ ಹೇಳಿಕೊಡುವ ಮಾಸ್ತರರಂತೆ ಬೆರಳಿಟ್ಟರು.

‘ಅದು ರೈಫಲ್ರಿ ಗೌಡ್ರ. ಅದರ ನಳಗಿ ಒಳಗ ಸುರುಳಿ ಗೀರು ಇರ್ತಾವ, ಗುಂಡು ತಿರುಗಿಕೋತ ನೆಟ್ಟಗ ಹೋಗ್ತೈತಿ. ನಿಮ್ಮದು ದೋನಾಲಿ, ಎರಡು ನಳಗಿ, ಒಳಗ ನುಣ್ಣಗ. ಈ ನಾಲ್ಕನೇ ನಂಬರ್ ಸಣ್ಣ ಕಾಳು, ಮೊಲಕ್ಕ. ಇದು ಎಲ್‌ಜಿ, ಕಡ್ಲಿಕಾಳಿನಷ್ಟು ಆರು ಗುಂಡು, ಹಂದಿಗೆ. ನಲವತ್ತು ಹೆಜ್ಜಿ ದಾಟಿದ್ರ ಆರೂ ಆರು ದಿಕ್ಕು. ಇದು ಒಂಟಿ ಗುಂಡು. ಎಂಬತ್ತು ಹೆಜ್ಜಿ ಖರೆ. ಆಮ್ಯಾಲೂ ಹೋಗ್ತೈತಿ, ಆದ್ರ ಎಲ್ಲಿಗೆ ಅನ್ನೂದು ನಿಮ್ಮ ಕೈಯಾಗ ಇಲ್ಲ.’

‘ಅದನ್ನ ತುಂಬ್ರಿ. ಎಂಟು.’

ರಾಜಾಸಾಬರು ಕನ್ನಡಕ ತೆಗೆದಿಟ್ಟರು. ‘ತ್ವಾಳದ ಹಿಂದ ಏನಿರ್ತೈತ್ರಿ?’

‘ಏನಿರ್ತೈತಿ? ಬಯಲು!’

ಮರುದಿನ ವಿರುಪಾಕ್ಷಿ ಎಂಟು ಕಾಡತೂಸು ಒಯ್ದ. ಎಂಟಕ್ಕೆ ಎಂಟೂ ಪುಡಿ. ತೋಳ ಬದುಕಿತು, ಗೌಡನಿಗೆ ಸದ್ದು ಸಿಕ್ಕಿತು ಎಂದು ನಾನು ಹೊಟ್ಟೆ ಹಿಡಿದು ನಕ್ಕೆ. ರಾಜಾಸಾಬರು ನಗಲಿಲ್ಲ, ಆ ಕೆಲಸ ಮಾಡುವಾಗ ಅವರು ಎಂದೂ ನಗುತ್ತಿರಲಿಲ್ಲ.

ಮೂರು ವಾರ ಕಳೆದಿರಬೇಕು. ಕುಷ್ಟಗಿ ಕಡೆಯ ಒಂದು ತೋಟದಲ್ಲಿ ಎಮ್ಮೆಯ ಮೂತಿ ಹರಿದಿದೆ ಎಂದು ಕರೆ ಬಂತು. ಹೋಗಿ ನೋಡಿದರೆ ಹಲ್ಲಿನ ಗುರುತು ಅಗಲವಾಗಿತ್ತು, ನಾಯಿಯದಲ್ಲ, ತೋಳದ್ದು. ಹಾಡುಹಗಲು ಬಂದಿತ್ತಂತೆ, ಮಂದಿಗೆ ಹೆದರಲಿಲ್ಲವಂತೆ. ತಿನ್ನಲಿಲ್ಲ, ಕಚ್ಚಿ ಮುಂದೆ ಹೋಗಿತ್ತು. ಎರಡನೇ ದಿನ ಇನ್ನೊಂದು ಊರಲ್ಲಿ ಎರಡು ಆಡು, ಮೂರನೇ ದಿನ ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಗಳ ತೋಳು. ಹಸಿದ ತೋಳ ಒಂದು ಕಡೆ ತಿಂದು ಮಲಗುತ್ತದೆ. ಹುಚ್ಚು ಹಿಡಿದದ್ದು ನಡೆಯುತ್ತಲೇ ಇರುತ್ತದೆ, ಮತ್ತು ಇದು ನಡೆಯುತ್ತಿದ್ದದ್ದು ಯಲಬುರ್ಗಾ ದಾರಿಗೆ. ಅರಣ್ಯದವರು ಬೋನು ಇಟ್ಟರು. ಹುಚ್ಚು ತೋಳಕ್ಕೆ ಬೋನಿನೊಳಗಿನ ಆಡು ಯಾಕೆ ಬೇಕು?

ಐದನೇ ದಿನ ಅದು ಗೌಡನ ಹೊಲದಲ್ಲಿದ್ದ ದುರಗಪ್ಪನ ಕುರಿಹಟ್ಟಿಗೆ ಬಂತು. ಅವನ ಎರಡು ನಾಯಿ ಅದನ್ನು ಅಟ್ಟಿದವು, ಕಚ್ಚಿಸಿಕೊಂಡವು. ಎರಡನ್ನೂ ಉಳಿಸುವಂತಿಲ್ಲ ಎಂದು ಹೇಳಿದವನು ನಾನೇ, ಸೂಜಿ ಚುಚ್ಚಿದವನೂ ನಾನೇ. ಹುಲಗಮ್ಮ ಒಂದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಆಮೇಲೆ ನಾನು ಸುತ್ತ ನೋಡಿದೆ. ಹಟ್ಟಿಯ ನಾಲ್ಕು ಮೂಲೆಗೆ ಹಾಕುವ ಬೆಂಕಿಯ ಬೂದಿ ಹಳೆಯದಾಗಿತ್ತು.

‘ಬೆಂಕಿ ಯಾಕ ಹಾಕಿಲ್ಲೋ ದುರಗಪ್ಪ?’

‘ಗೌಡ್ರು ಬ್ಯಾಡ ಅಂದಾರ್ರಿ. ಬೆಂಕಿ ಇದ್ರ ಅದು ಬರೂದಿಲ್ಲ, ಬರ್ದಿದ್ರ ಹೊಡಿಯೂದ್ಹೆಂಗ ಅಂತಾರ. ದಿನಾ ಇಲ್ಲೇ ಬಂದು ಮಲಗ್ತಾರ್ರಿ.’

‘ನಾಯಿನೂ ಇಲ್ಲಲ್ಲೋ ಈಗ.’

‘ಬಂದೂಕ ಐತಲ್ರಿ ಡಾಕ್ಟ್ರ’ ಎಂದ ದುರಗಪ್ಪ, ನನಗೇ ಸಮಾಧಾನ ಹೇಳುವವನಂತೆ.

ನಾಯಿ ಹೋಯಿತು, ಬೆಂಕಿ ಹೋಯಿತು, ಉಳಿದದ್ದು ಗಿಣಿಗೇರಾದ ಪುಡಿ. ಸ್ಕೂಟರನ್ನು ನೇರ ಕುಕನೂರಿಗೆ ಓಡಿಸಿದೆ.

ನಾನು ಹೇಳಿ ಮುಗಿಸುವವರೆಗೆ ರಾಜಾಸಾಬರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡಲಿಲ್ಲ. ಆಮೇಲೆ ಎದ್ದು ಮೂರು ಡಬ್ಬಿ ಇಳಿಸಿದರು. ಒಂಟಿ ಗುಂಡಿನ ಡಬ್ಬಿಯನ್ನು ಮುಟ್ಟಿ, ಮುಚ್ಚಳವನ್ನೂ ತೆಗೆಯದೆ ಹಿಂದಕ್ಕೆ ತಳ್ಳಿದರು. ನಾಲ್ಕನೇ ನಂಬರಿನ ಕಾಳು ಅಂಗೈಗೆ ಸುರಿದುಕೊಂಡು, ‘ಹುಚ್ಚಿಗೆ ನೋವು ತಿಳಿಯೂದಿಲ್ಲ, ಇದು ನಿಲ್ಲಸೂದಿಲ್ಲ’ ಎಂದು ವಾಪಸು ಹಾಕಿದರು. ಎಲ್‌ಜಿ ಉಳಿಯಿತು. ಹದಿನೈದು ಹೆಜ್ಜೆಯೊಳಗೆ ಆರೂ ಗುಂಡು ಅಂಗೈ ಅಗಲದಲ್ಲೇ ಇರುತ್ತವೆ. ಆದರೆ ಹಟ್ಟಿಯಲ್ಲಿ ಎತ್ತ ತಿರುಗಿದರೂ ಮನುಷ್ಯರು. ಕೊನೆಗೆ ಎರಡೇ ಎರಡು ತುಂಬಿದರು. ಮದ್ದು ಅಳೆಯುವಾಗ ಅವರು ಚೆಲ್ಲಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅದೂ ಎರಡು ಸಲ.

‘ಖರೆ ಹೇಳಿಬಿಡ್ತೀನಿ. ಎಂಟೂ ಪುಡಿ ಅಂತ ಗೌಡ್ರ ಮುಂದ ಹೇಳಿಬಿಡ್ತೀನಿ’ ಎಂದು ದಾರಿಯುದ್ದಕ್ಕೂ ಸ್ಕೂಟರಿನ ಹಿಂದೆ ಕೂತು ಹೇಳುತ್ತಲೇ ಬಂದರು.

ಹೊತ್ತು ಮುಳುಗುವಾಗ ತಲುಪಿದೆವು. ವಿರುಪಾಕ್ಷಿ ಹೊರಸಿನ ಮೇಲೆ, ತೊಡೆಯ ಮೇಲೆ ಬಂದೂಕು, ಸುತ್ತ ಊರಿನ ಇಪ್ಪತ್ತು ಗಂಡಸರು. ಅಂಥ ಸಭೆ ಅವನ ಬಾಳಿನಲ್ಲಿ ಮೊದಲ ಸಲ ಕೂಡಿತ್ತು. ರಾಜಾಸಾಬರು ಬಾಯಿ ತೆರೆದರು. ಇಪ್ಪತ್ತು ಮುಖ ಇವರತ್ತ ತಿರುಗಿದವು. ಅದರಲ್ಲಿ ನಾಲ್ಕೈದು ಜನರ ಮನೆಯಲ್ಲಿ ಬಂದೂಕಿತ್ತು, ಇವರೇ ತುಂಬಿದ ಕಾಡತೂಸಿತ್ತು.

‘ಗೌಡ್ರ, ಆವತ್ತು ಒಯ್ದ ಕಾಡತೂಸಿಗೆ ಥಂಡಿ ಹಿಡದಿರಬೇಕು’ ಎಂದರು ರಾಜಾಸಾಬರು. ‘ಅವನ್ನ ತಿರುಗಿ ಕೊಡ್ರಿ. ಈ ಎರಡು ಹಾಕ್ರಿ.’

‘ಥಂಡಿ ಎಲ್ಲೀದು? ಮೊನ್ನಿ ಒಂದು ಗಾಳ್ಯಾಗ ಹಾರಿಸೇನಿ, ಯಲಬುರ್ಗಿ ತನಕ ಕೇಳೈತಿ!’ ಎಲ್ಲರೂ ನಕ್ಕರು. ವಿರುಪಾಕ್ಷಿ ಆ ಎರಡನ್ನು ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿದ. ‘ಇರ್ಲಿ, ಹೆಚ್ಚಿಗಿದ್ರ ಛಲೋನ ಆತು.’

‘ಈಗ ಹಾಕ್ರಿ. ನನ್ನ ಕಣ್ಣ ಮುಂದ.’

‘ಊಟ ಆಗ್ಲಿ, ಹಾಕ್ತೀನಿ. ಏನ್ರಿ ರಾಜಾಸಾಬ್ರ, ನನಗ ಬಂದೂಕ ತುಂಬಾಕೂ ಬರೂದಿಲ್ಲೇನು?’

ರಾಜಾಸಾಬರು ನನ್ನನ್ನು ನೋಡಿದರು. ಒಂದು ಮಾತು ಸಾಕಿತ್ತು, ಅದನ್ನು ನಾನೂ ಹೇಳಬಹುದಿತ್ತು. ಕತ್ತಲಾಗುತ್ತಿತ್ತು, ನನ್ನ ಸ್ಕೂಟರಿನ ದೀಪ ಕೆಟ್ಟಿತ್ತು, ತೋಳ ಓಡಾಡುವ ದಾರಿ. ‘ಹಾಕ್ಕೋತಾರ ಬಿಡ್ರಿ’ ಎಂದೆ ನಾನು. ಈ ಎರಡು ಶಬ್ದವನ್ನು ನಾನು ಸಾಯುವವರೆಗೂ ಹೊತ್ತುಕೊಂಡಿರಬೇಕು.

ವಾಪಸು ಬರುವಾಗ ರಾಜಾಸಾಬರು ನನ್ನ ಬೆನ್ನಿಗೆ ಹೇಳಿದರು: ‘ನಾ ತುಂಬಿದ್ದನ್ನ ನಂಬಿ ಎಷ್ಟು ಮಂದಿ ಹೊಲದಾಗ ಮಲಗ್ಯಾರ ಗೊತ್ತೇನ್ರಿ ಡಾಕ್ಟ್ರ?’

‘ಎಷ್ಟು ಮಂದಿ?’

ಅವರು ಒಬ್ಬೊಬ್ಬರದೇ ಹೆಸರು ಹೇಳಿ ಎಣಿಸತೊಡಗಿದರು, ಕುಕನೂರು ಬಂದರೂ ಎಣಿಕೆ ಮುಗಿದಿರಲಿಲ್ಲ.

ತೋಳ ಬೆಳಕು ಹರಿಯುವಾಗ ಬಂತು. ನಾನು ಎಂಟು ಗಂಟೆಗೆ ಹೋದಾಗ ಅದು ಕುರಿಯ ಬಲೆಯ ಪಕ್ಕ ಬಿದ್ದಿತ್ತು. ದುರಗಪ್ಪನ ಕೊಡಲಿಯಿಂದ ಹುಲಗಮ್ಮ ಅದನ್ನು ಕಡಿದಿದ್ದಳು. ದುರಗಪ್ಪನ ಕೆನ್ನೆ, ತುಟಿ, ಹುಬ್ಬು ಹರಿದಿತ್ತು. ಸೋಪು ಹಚ್ಚಿ ನೀರಿನಲ್ಲಿ ತೊಳೆದೆ, ಮತ್ತೆ ಮತ್ತೆ ತೊಳೆದೆ. ಅವನು ಒಮ್ಮೆಯೂ ಚೀರಲಿಲ್ಲ. ‘ಕುರಿ ಎಣಿಸ್ರಿ ಮೊದಲ, ನಮ್ಮ ತಮ್ಮ ಬಂದ ಮ್ಯಾಲ ನಾ ದವಾಖಾನಿಗೆ ಬರ್ತೀನಿ’ ಎಂದು ಹಟ ಹಿಡಿದು ಕೂತ. ಕೊಪ್ಪಳ ಮುಟ್ಟುವಾಗ ಮಧ್ಯಾಹ್ನ ಎರಡಾಗಿತ್ತು.

ವಿರುಪಾಕ್ಷಿ ಹೊರಸಿನ ಕಾಲು ಹಿಡಿದು ನೆಲದ ಮೇಲೆ ಕೂತಿದ್ದ. ಹೊಸ ಎರಡು ಕಾಡತೂಸು ಇನ್ನೂ ಅವನ ಜೇಬಿನಲ್ಲೇ ಉಬ್ಬಿಕೊಂಡಿದ್ದವು.

‘ಇಷ್ಟು ಸನೇದಾಗಿತ್ರಿ, ಹದಿನೈದು ಹೆಜ್ಜಿನೂ ಇರಲಿಲ್ಲ. ಎರಡೂ ಹಾರಿಸಿದೆ. ಎರಡೂ ತಪ್ಪಿಸಿದೆ ಡಾಕ್ಟ್ರ. ಅದು ಸದ್ದಿಗೆ ಹೆದರಲೂ ಇಲ್ಲ, ಸೀದಾ ದುರಗಪ್ಪನ ಮ್ಯಾಲ ಹೋತು’ ಎಂದು ಹಣೆ ಬಡಿದುಕೊಂಡ. ದೊಡ್ಡ ಗಂಡಸು ಮಂದಿಯ ಮುಂದೆ ಗೊಳೋ ಎಂದು ಅತ್ತ.

ನಾನು ಸತ್ತ ತೋಳದ ಪಕ್ಕೆಯ ಕೂದಲು ಸರಿಸಿ ನೋಡಿದೆ. ಕೆಂಪು ಪುಡಿ ಮೆತ್ತಿಕೊಂಡಿತ್ತು, ಒಂದೂ ತೂತಿಲ್ಲ. ಗುರಿ ತಪ್ಪಿರಲಿಲ್ಲ. ತಲೆ ಎತ್ತಿದರೆ ಹುಲಗಮ್ಮ ಬೆವರು ಒರೆಸಿಕೊಳ್ಳುತ್ತಿದ್ದಳು, ಸೆರಗಿಗೆ ಅದೇ ಕೆಂಪು ಪುಡಿ ಹತ್ತಿತ್ತು. ಬಂದೂಕು ಹಾರಿದಾಗ ಅವಳು ಮರಿಗಳ ನಡುವೆ ಮಲಗಿದ್ದವಳು ಎದ್ದು ನಿಂತಿದ್ದಳಂತೆ, ತೋಳದ ಆಚೆ ಬದಿಗೆ, ನೆಟ್ಟಗೆ. ವಿರುಪಾಕ್ಷಿ ಅವಳನ್ನು ನೋಡಿರಲೇ ಇಲ್ಲ.

ಇದನ್ನು ರಾಜಾಸಾಬರಿಗೆ ಸಮಾಧಾನವಾಗಲಿ ಎಂದು ಹೇಳಿದೆ. ಅಸಲಿ ಕಾಡತೂಸಾಗಿದ್ದರೆ ಹುಲಗಮ್ಮ ಹೋಗುತ್ತಿದ್ದಳು ಎಂದೆ.

‘ಅಂದ್ರ ಯಾರು ಸಾಯ್ಬೇಕು ಅಂತ ಆರಸಿದಂವ ನಾನ ಆದೆನಲ್ರಿ’ ಎಂದರು ಅವರು. ಅಂಗಡಿಯ ಪುಡಿಯ ಡಬ್ಬಿಯನ್ನು ಆ ದಿನವೇ ಚರಂಡಿಗೆ ಸುರಿದರು. ಹಳೇ ಗಿರಾಕಿಗಳಲ್ಲಿ ಒಬ್ಬೊಬ್ಬರ ಮನೆಗೂ ಹೋಗಿ, ಥಂಡಿ ಹಿಡಿದಿದೆ ಎಂಬ ಅದೇ ಸುಳ್ಳು ಹೇಳಿ ಕಾಡತೂಸು ವಾಪಸು ತಂದರು. ಎಲ್ಲವೂ ಸಿಗಲಿಲ್ಲ. ಎಷ್ಟೋ ಜನ ಅವನ್ನು ಎಲ್ಲಿ ಇಟ್ಟಿದ್ದೇವೋ ನೆನಪಿಲ್ಲ ಎಂದರು.

ದುರಗಪ್ಪನಿಗೆ ಕೊಪ್ಪಳದಲ್ಲಿ ಕೊಡಬೇಕಾದ ಔಷಧವನ್ನೆಲ್ಲ ಕೊಟ್ಟರು. ಗಾಯದ ಸುತ್ತ ಸೂಜಿ, ರಟ್ಟೆಗೆ ಸೂಜಿ, ತಾರೀಕು ಬರೆದ ಚೀಟಿ. ಬಹಳ ಜನ ಅದರಿಂದ ಉಳಿಯುತ್ತಾರೆ. ಆದರೆ ಮುಖಕ್ಕೆ ಕಚ್ಚಿದರೆ ವಿಷಕ್ಕೆ ಮಿದುಳು ಬಹಳ ಹತ್ತಿರ, ಸೂಜಿ ಅದಕ್ಕಿಂತ ಮುಂಚೆ ಓಡಬೇಕು. ಸೋತರೆ ಮೊದಲು ಗಂಟಲಿಗೆ ಬರುತ್ತದೆ. ನೀರು ಬಾಯಿಯ ಹತ್ತಿರ ಬಂದರೆ ಗಂಟಲು ಬಿಗಿಯುತ್ತದೆ, ನೀರಿನ ಸದ್ದೇ ಸೇರುವುದಿಲ್ಲ. ಅಲ್ಲಿಂದಾಚೆ ಯಾರ ಕೈಯಲ್ಲೂ ಏನೂ ಇಲ್ಲ. ಇದನ್ನು ನಾನು ರಾಜಾಸಾಬರಿಗೆ ಹೇಳಿದ್ದೆ. ದುರಗಪ್ಪನಿಗೂ ಹುಲಗಮ್ಮನಿಗೂ ಯಾರೂ ಹೇಳಿರಲಿಲ್ಲ. ಹೇಳುವ ಧೈರ್ಯ ನನಗಿರಲಿಲ್ಲ.

ರಾಜಾಸಾಬರು ದಿನ ಎಣಿಸತೊಡಗಿದರು. ಮುಂಜಾನೆ ನನಗೆ ಅವರ ಫೋನು ಬಂದರೆ ಸಲಾಮ್ ಇಲ್ಲ, ಏನಿಲ್ಲ. ‘ಉಂಡಾನಂತೇನು? ನೀರ ಕುಡದಾನಂತೇನು?’ ನಾನು ಹೂಂ ಎಂದರೆ ಫೋನು ಇಡುತ್ತಿದ್ದರು. ಹತ್ತನೇ ದಿನ ದವಾಖಾನೆಯಲ್ಲಿ ದುರಗಪ್ಪನ ಗಾಯದ ಹೊಲಿಗೆ ಬಿಚ್ಚಿದರು. ಹದಿನೈದನೇ ದಿನ ಅವನು ತಾನೇ ಕುರಿ ಹೊಡೆದುಕೊಂಡು ಹೋದ ಎಂದು ಕೇಳಿ ರಾಜಾಸಾಬರು ಒಂದು ಹಿಡಿ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದರು. ಆ ಕಡೆ ವಿರುಪಾಕ್ಷಿ ಬಂದೂಕನ್ನು ಠಾಣೆಗೆ ಒಪ್ಪಿಸಿ, ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದ.

‘ಗೌಡ ತಾನು ತಪ್ಪಿಸಿದೆ ಅಂತ ಕೊರಗಿಕೋತ ಕುಂತಾನ. ಇನ್ನ ಮುಚ್ಚಿಟ್ರ ನನಗ ಮಣ್ಣೂ ಸಿಗೂದಿಲ್ಲ’ ಎಂದರು ರಾಜಾಸಾಬರು. ‘ಮೊದಲ ದುರಗಪ್ಪಗ ಹೇಳ್ತೀನಿ. ಆಮ್ಯಾಲ ಗೌಡ್ರಿಗೆ. ಆಮ್ಯಾಲ ಠಾಣೇಕ್ಕ.’

ಇಪ್ಪತ್ತೆರಡನೇ ದಿನ ಇಬ್ಬರೂ ದುರಗಪ್ಪನ ಮನೆಗೆ ಹೋದೆವು. ಅವನು ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ಗಾಯ ಚೆನ್ನಾಗಿ ಮಾಯ್ದಿತ್ತು. ‘ಬರ್ರಿ, ಬರ್ರಿ’ ಎಂದು ಕಂಬಳಿಯನ್ನೇ ಹಾಸಿ ಕೂರಿಸಿದ. ರಾಜಾಸಾಬರು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದರು. ಪುಡಿ, ಥಂಡಿಯ ಸುಳ್ಳು, ಇಪ್ಪತ್ತು ಮಂದಿಯ ಮುಂದೆ ನಾಲಿಗೆ ಏಳದ್ದು. ಹೇಳುತ್ತಾ ಹೇಳುತ್ತಾ ಗಡ್ಡ ತೊಯ್ಯಿತು. ಹುಲಗಮ್ಮ ಒಳಗೆ ಒಲೆಯ ಮುಂದೆ ಕೂತು ಕೇಳುತ್ತಿದ್ದಳು.

ದುರಗಪ್ಪ ತಿರುಗಿ ಒಲೆಯ ಮುಂದಿನ ಹುಲಗಮ್ಮನನ್ನು ನೋಡಿದ. ಆಮೇಲೆ ನಕ್ಕ. ಹರಿದು ಕೂಡಿದ ತುಟಿಯಿಂದ ನಗು ಒಂದೇ ಬದಿಗೆ ಬಂತು.

‘ಅಲ್ರಿ, ಇಕಿ ಅಲ್ಲೇ ಆಚಿ ಬಾಜೂಕ ನಿಂತಿದ್ಲು. ಗುಂಡ ಇದ್ದಿದ್ರ ನಾ ಇವತ್ತ ಇಕಿನ್ನ ಮಣ್ಣಿಗಿಟ್ಟು ಕುಂತಿರ್ತಿದ್ನಿ. ನನಗೇನಾಗೇತಿ? ನಾಲ್ಕು ಸೂಜಿ ಆದೂ, ಒಂದು ಉಳದೈತಿ. ಅಳಬ್ಯಾಡ್ರಿ ಕಾಕಾ. ಏ ಹುಲಗಮ್ಮ, ಚಾ ತಾ.’

ರಾಜಾಸಾಬರು ಕುಸಿದು ಕೂತರು. ಅವರ ಮುಖ ಮೂವತ್ತು ವರ್ಷದಲ್ಲಿ ಅಷ್ಟು ಹಗುರಾಗಿದ್ದನ್ನು ನಾನು ನೋಡಿರಲಿಲ್ಲ. ಹುಲಗಮ್ಮ ಮೂರು ಲೋಟ ತಂದು ಇಟ್ಟಳು. ಅವಳ ಕಣ್ಣೂ ಕೆಂಪಾಗಿತ್ತು, ಆದರೆ ರಾಜಾಸಾಬರಿಗೆ ಎರಡೂ ಕೈಯಲ್ಲಿ ಲೋಟ ಕೊಟ್ಟಳು. ನಾನು ಒಂದು ಗುಟುಕು ಕುಡಿದೆ. ದುರಗಪ್ಪ ತನ್ನ ಲೋಟ ಎತ್ತಿದ. ತುಟಿಗೆ ನಾಲ್ಕು ಬೆರಳು ದೂರದಲ್ಲಿ ಅವನ ಕೈ ನಿಂತಿತು. ಕುತ್ತಿಗೆಯ ನರಗಳು ಎದ್ದು ಕಂಡವು. ಮತ್ತೆ ಎತ್ತಿದ, ಮತ್ತೆ ನಿಂತಿತು; ಚಹಾ ಕೈಮೇಲೆ ತುಳುಕಿತು.

‘ಯಾಕೋ ಮುಂಜಾನಿಂದ ಗಂಟಲ ಹಿಡದಂಗಾಗೇತಿ’ ಎಂದು ಲೋಟ ಕೆಳಗಿಟ್ಟ.

‘ಬಿಸಿ ಭಾಳ ಐತಿ, ಆರಸಿಕೊಡ್ತೀನಿ ತಡಿ’ ಎಂದಳು ಹುಲಗಮ್ಮ. ಇನ್ನೊಂದು ಲೋಟ ತಂದು ಒಂದರಿಂದ ಒಂದಕ್ಕೆ ಎತ್ತರದಿಂದ ಸುರಿಯತೊಡಗಿದಳು. ಆ ಸದ್ದಿಗೆ ದುರಗಪ್ಪ ಮೈ ಬಿಗಿದು ಮುಖವನ್ನು ಗೋಡೆಗೆ ತಿರುಗಿಸಿದ. ರಾಜಾಸಾಬರು ನನ್ನ ಮೊಣಕೈ ಹಿಡಿದುಕೊಂಡರು.

‘ಸಾಕು ಅನ್ರಿ ಡಾಕ್ಟ್ರ’ ಎಂದು ನನಗೊಬ್ಬನಿಗೇ ಕೇಳುವಂತೆ ಹೇಳಿದರು. ‘ಆಕಿಗೆ ಸಾಕು ಅನ್ರಿ.’

ನಾನು ನನ್ನ ಲೋಟ ಕೆಳಗಿಟ್ಟೆ. ಹುಲಗಮ್ಮ ಬೆರಳು ಅದ್ದಿ ನೋಡಿ, ಗಂಡನ ಭುಜ ಮುಟ್ಟಿ ಲೋಟ ಮುಂದೆ ಹಿಡಿದಳು. ‘ಆರೈತಿ, ಈಗ ಕುಡಿ’ ಎಂದಳು.